ಮೈಮೇಲಿನ ಪುಟ್ಟ ಬಾನುಲಿಗಳು



ಕಿಗ್ಗ ಎಂದೊಡನೆ ಮಲೆನಾಡಿನವರಿಗೆ ನೆನಪಾಗುವುದು ಮಳೆ. ಬರಬೇಕಾದ ಮಳೆ ಬಾರದಿದ್ದರೆ ಬರಲಿ ಎಂದು, ಹಿಡಿದ ಮಳೆ ಬಿಡದಿದ್ದರೆ ಇನ್ನು ಸಾಕು ಎಂದು ಋಷ್ಯಶೃಂಗೇಶ್ವರನಿಗೆ ಪೂಜೆ ಸಲ್ಲಿಸುವ ಊರು ಅದು. ಶೃಂಗೇರಿಯಿಂದ ಸುಮಾರು ಹತ್ತು ಕಿಲೋಮೀಟರು. ಮುಂದೆ ಸಿರಿಮನೆ ಜಲಪಾತ, ಮೇಲೆ ನರಸಿಂಹ ಪರ್ವತ, ಅದರಾಚೆ ಆಗುಂಬೆ. ಮಳೆಗಾಲದಲ್ಲಿ ಪತ್ರಿಕೆಗಳು ಕೊಡುವ ಚಿಕ್ಕಮಗಳೂರು ಜಿಲ್ಲೆಯ ಮಳೆ ವಿವರದಲ್ಲಿ ಕಿಗ್ಗ, ಕೆರೆಕಟ್ಟೆ ಎಂಬ ಎರಡು ಹೆಸರು ಮತ್ತೆ ಮತ್ತೆ ಕಾಣುತ್ತವೆ. ಹಾಗಾಗಿ ಈ ಸೀಮೆಯಲ್ಲಿ ಫೋನ್ ಸಿಗಲಿಲ್ಲ ಎಂದರೂ ಟಿವಿ ನಿಂತಿತು ಎಂದರೂ ದೂರು ಹೋಗುವುದು ಮಳೆಯ ಮೇಲೆ.

ಟಿವಿಯ ಮಟ್ಟಿಗೆ ಆ ದೂರು ನ್ಯಾಯವಾದದ್ದೇ. ಮನೆಯ ಮಾಡಿನ ಮೇಲಿರುವ ಡಿಶ್‌ಗೆ ಉಪಗ್ರಹದಿಂದ ಬರುವ ತರಂಗದ ಉದ್ದ ಹೆಚ್ಚುಕಡಿಮೆ ಎರಡೂವರೆ ಸೆಂಟಿಮೀಟರು. ಅಷ್ಟು ಮೋಟು ತರಂಗವನ್ನು ದಪ್ಪ ಹನಿಗಳು ಹೀರುತ್ತವೆ, ಚದುರಿಸುತ್ತವೆ. ಆಷಾಢದ ಮಳೆ ಜೋರಾದಾಗ ಪರದೆ ಚೌಕ ಚೌಕವಾಗಿ ಒಡೆದು ನಿಲ್ಲುವುದು ಅದರಿಂದ. ಆದರೆ ಈಗ ಜನ ಕೈಗೆ ಕಟ್ಟಿಕೊಳ್ಳುವ ಗಡಿಯಾರ, ಬೆರಳಿಗೆ ಹಾಕುವ ಆಕ್ಸಿಮೀಟರ್, ಎದೆಗೆ ಅಂಟಿಸುವ ಇಸಿಜಿ ಪಟ್ಟಿ, ತೋಳಿಗೆ ಅಂಟಿಸುವ ಸಕ್ಕರೆ ಮಾಪಕ, ಕಿವಿಯ ಶ್ರವಣಸಾಧನ ಇವುಗಳಲ್ಲಿ ಬಹುಪಾಲು ಮಾತಾಡುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ಅಲ್ಲಿ ತರಂಗದ ಉದ್ದ ಹನ್ನೆರಡೂವರೆ ಸೆಂಟಿಮೀಟರು. ಜಡಿಮಳೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಸುರಿಯುವ ಮಳೆಯನ್ನು ದಾಟಿ ಒಂದು ಕಿಲೋಮೀಟರು ಹೋದರೂ ಅದು ಕುಂದುವುದು ಅಳೆಯಲು ಕಷ್ಟವಾಗುವಷ್ಟು ಕಡಿಮೆ. ಆ ತರಂಗವನ್ನು ನಿಜವಾಗಿ ತಡೆಯುವುದು ನಮ್ಮ ಮೈ. ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ಅದೂ ಉಪ್ಪಿನ ನೀರು. ಎದೆಯ ಪಟ್ಟಿಯಿಂದ ಹೊರಟ ಸಂಕೇತ ಬೆನ್ನ ಕಡೆಗೆ ಮುಟ್ಟುವಷ್ಟರಲ್ಲಿ ನೂರರಲ್ಲಿ ಒಂದು ಪಾಲೂ ಉಳಿಯದೆ ಹೋಗಬಹುದು. ಉಳಿದದ್ದು ಚರ್ಮದ ಮೇಲೆ ತೆವಳಿಕೊಂಡು, ಗೋಡೆಗೆ ಬಡಿದು ಹಿಂತಿರುಗಿ ಹೇಗೋ ತಲುಪುತ್ತದೆ.

ಹೀಗೆ ಒಬ್ಬರ ಮೈಮೇಲೆ ಎರಡು, ಮೂರು, ಆರು ಸೆನ್ಸರ್‌ಗಳಿದ್ದು ಅವೆಲ್ಲವೂ ಜೇಬಿನಲ್ಲಿರುವ ಫೋನಿಗೋ ಸೊಂಟದ ಪೆಟ್ಟಿಗೆಗೋ ವರದಿ ಒಪ್ಪಿಸುವ ಏರ್ಪಾಡಿಗೆ ದೇಹಜಾಲ ಎನ್ನೋಣ. ವರದಿ ತೆಗೆದುಕೊಳ್ಳುವ ಪೆಟ್ಟಿಗೆಗೆ ಹಬ್ ಎಂದು ಹೆಸರು. ಒಬ್ಬರೇ ಇದ್ದಾಗ ಈ ಜಾಲ ಚೆನ್ನಾಗಿಯೇ ನಡೆಯುತ್ತದೆ. ಪಕ್ಕದಲ್ಲಿ ಇನ್ನೊಬ್ಬರು ತಮ್ಮ ಜಾಲ ಹೊತ್ತು ಕೂತಾಗ, ಹತ್ತು ಜನ ಒಂದು ಕೋಣೆಯಲ್ಲಿ ಸೇರಿದಾಗ, ತೇರಿನ ದಿನ ಸಾವಿರಾರು ಜನ ರಥಬೀದಿಯಲ್ಲಿ ನೆರೆದಾಗ ಏನಾಗುತ್ತದೆ ಎಂಬುದನ್ನು ಇವತ್ತು ಹೇಳಬೇಕೆಂದಿದ್ದೇನೆ.

ಒಂದರ ತರಂಗಕ್ಕೆ ಇನ್ನೊಂದರದು ಅಡ್ಡ ಬರುವ ತೊಂದರೆ ರೇಡಿಯೊ ಕೇಳುವವರಿಗೆ ಹೊಸದಲ್ಲ. ಮೀಡಿಯಂ ವೇವ್ ಕಾಲದಲ್ಲಿ ಹಗಲು ಭದ್ರಾವತಿ ನಿಲಯ ಸ್ಫುಟವಾಗಿ ಬರುತ್ತಿತ್ತು. ರಾತ್ರಿಯಾಗುತ್ತಲೂ ಯಾವುದೋ ದೂರದೇಶದ ಹಾಡು, ಅರ್ಥವಾಗದ ಭಾಷೆಯ ವಾರ್ತೆ ಅದರೊಳಕ್ಕೆ ನುಗ್ಗುತ್ತಿತ್ತು. ಹಗಲಿನಲ್ಲಿ ವಾತಾವರಣದ ಮೇಲಿನ ಒಂದು ಪದರ ಆ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಇನ್ನೂ ಮೇಲಿನ ಪದರಗಳು ದೂರದ ತರಂಗಗಳನ್ನು ನಮ್ಮ ಕಡೆಗೆ ಮಡಚಿ ಕಳಿಸುತ್ತವೆ. ಇದನ್ನು ತಹಬಂದಿಗೆ ತರಲು ದೇಶಗಳು 1975ರಲ್ಲಿ ಜಿನೀವಾದಲ್ಲಿ ಕೂತು ಒಪ್ಪಂದ ಮಾಡಿಕೊಂಡವು: ನಿಲಯಗಳು ಒಂದರಿಂದೊಂದು ಒಂಬತ್ತು ಒಂಬತ್ತು ಕಿಲೋಹರ್ಟ್ಸ್ ದೂರದಲ್ಲಿ ನಿಲ್ಲಬೇಕು. ಭದ್ರಾವತಿಯ 675 ಕಿಲೋಹರ್ಟ್ಸನ್ನು ಒಂಬತ್ತರಿಂದ ಭಾಗಿಸಿ ನೋಡಿ, 75 ಬರುತ್ತದೆ. ಬೆಂಗಳೂರಿನ 612, ಧಾರವಾಡದ 765, ಮಂಗಳೂರಿನ 1089 ಎಲ್ಲವೂ ಶೇಷವಿಲ್ಲದೆ ಭಾಗವಾಗುತ್ತವೆ. ನಮ್ಮ ಮನೆಯ ರೇಡಿಯೊದ ಮುಳ್ಳು ನಿಲ್ಲುತ್ತಿದ್ದ ಜಾಗವನ್ನು ಹಾಗೆ ಲೆಕ್ಕ ಹಾಕಿ ಗೊತ್ತುಮಾಡಲಾಗಿತ್ತು.

ಮೈಮೇಲಿನ ಸೆನ್ಸರ್‌ಗಳಿಗೆ ಅಂಥ ಗೊತ್ತುಪಾಡು ಇಲ್ಲ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಭಾರತ ಸರ್ಕಾರ 2005ರ ಜನವರಿಯಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿತು. ಅದರಿಂದ ವೈ-ಫೈ, ಬ್ಲೂಟೂತ್ ಎಲ್ಲರ ಮನೆಗೂ ಬಂದವು, ಒಳ್ಳೆಯದೇ ಆಯಿತು. ಆದರೆ ಅಲ್ಲಿ ನಿಲಯಕ್ಕೊಂದು ಜಾಗವೆಂದು ಯಾರೂ ಹಂಚಿಕೊಟ್ಟಿಲ್ಲ. ನೂರು ಮಿಲಿವ್ಯಾಟ್‌ನಲ್ಲಿ ಕೂಗುವ ವೈ-ಫೈ ಪೆಟ್ಟಿಗೆ, ಒಂದು ಮಿಲಿವ್ಯಾಟ್‌ನಲ್ಲಿ ಪಿಸುಗುಡುವ ಇಸಿಜಿ ಪಟ್ಟಿ, ಅಡುಗೆಮನೆಯ ಮೈಕ್ರೋವೇವ್ ಒಲೆಯಿಂದ ಸೋರುವ ಗದ್ದಲ ಎಲ್ಲವೂ ಒಂದೇ ಅಂಗಳದಲ್ಲಿ.

ಆರೋಗ್ಯದ ಉಪಕರಣಕ್ಕೆ ಇನ್ನೊಬ್ಬರ ತರಂಗ ಅಡ್ಡ ಬಂದರೆ ಏನಾಗಬಹುದೆಂಬುದನ್ನು ಜಗತ್ತು ಗಟ್ಟಿಯಾಗಿ ಕಲಿತದ್ದು 1998ರ ಫೆಬ್ರವರಿಯಲ್ಲಿ, ಅಮೆರಿಕದ ಡಲ್ಲಾಸ್ ನಗರದಲ್ಲಿ. ಅಲ್ಲಿನ ಒಂದು ಟಿವಿ ಕೇಂದ್ರ ಡಿಜಿಟಲ್ ಪ್ರಸಾರವನ್ನು ಪರೀಕ್ಷೆಗೆಂದು ಶುರುಮಾಡಿತು. ಅದೇ ಚಾನೆಲ್ಲಿನ ಸಂದಿಯಲ್ಲಿ ಬೇಲರ್ ವಿಶ್ವವಿದ್ಯಾಲಯದ ಆಸ್ಪತ್ರೆಯ ಹೃದ್ರೋಗಿಗಳ ಮೈಮೇಲಿನ ನಿಸ್ತಂತು ಮಾಪಕಗಳೂ ಕೆಲಸ ಮಾಡುತ್ತಿದ್ದವು. ದಾದಿಯರ ಮುಂದಿನ ಪರದೆಗಳಲ್ಲಿ ಹೃದಯದ ಗೆರೆಗಳು ಕೆಟ್ಟವು. ಕಾರಣ ತಿಳಿದೊಡನೆ ಟಿವಿ ಕೇಂದ್ರ ಪ್ರಸಾರ ನಿಲ್ಲಿಸಿತು. ಎರಡು ವರ್ಷದಲ್ಲಿ ಅಮೆರಿಕ ಆಸ್ಪತ್ರೆಯ ಮಾಪಕಗಳಿಗೆಂದೇ ಬೇರೆ ತರಂಗಪಟ್ಟಿಗಳನ್ನು ಮೀಸಲಿಟ್ಟಿತು. 2012ರಲ್ಲಿ 2360ರಿಂದ 2400 ಮೆಗಾಹರ್ಟ್ಸ್‌ವರೆಗಿನ ಜಾಗವನ್ನೂ ದೇಹಜಾಲಗಳಿಗೆ ಕೊಟ್ಟಿತು. ಡಲ್ಲಾಸಿನಲ್ಲಿ ಅಡ್ಡ ಬಂದದ್ದು ದೊಡ್ಡ ಗೋಪುರ. ಹುಡುಕಿದರೆ ಸಿಗುವ ಅಪರಾಧಿ. ಒಬ್ಬ ರೋಗಿಯ ಪಟ್ಟಿಗೆ ಪಕ್ಕದ ರೋಗಿಯ ಪಟ್ಟಿಯೇ ಅಡ್ಡ ಬಂದಾಗ ಹುಡುಕುವುದು ಅದಕ್ಕಿಂತ ಬಹಳ ಕಷ್ಟ.

ಒಂದು ಲೆಕ್ಕ ಹಾಕೋಣ. ಪೆನ್ಸಿಲ್ ಬೇಕಾಗಿಲ್ಲ, ಕೇಳುತ್ತಾ ಬನ್ನಿ. ಹೃದಯದ ಗೆರೆಯನ್ನು ಸೆಕೆಂಡಿಗೆ 250 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದರೆ ಸೆಕೆಂಡಿಗೆ 4000 ಬಿಟ್ ಆಯಿತು, ಅಂದರೆ 500 ಬೈಟ್. ಬ್ಲೂಟೂತ್ ಇದನ್ನು ಎರಡು ಕಂತಿನಲ್ಲಿ ಕಳಿಸಬಲ್ಲದು. ಒಂದೊಂದು ಕಂತಿಗೆ ಎರಡು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಒಂದು ಸೆನ್ಸರ್ ಸೆಕೆಂಡಿನಲ್ಲಿ ಬಾಯಿ ತೆರೆಯುವುದು ನಾಲ್ಕೂವರೆ ಮಿಲಿಸೆಕೆಂಡು, ಉಳಿದ ಹೊತ್ತೆಲ್ಲ ಮೌನ. ಈಗ ಒಂದು ಜಗಲಿಯಲ್ಲಿ ಹತ್ತು ಜನ, ಒಬ್ಬೊಬ್ಬರ ಮೈಮೇಲೆ ಇಂಥ ಆರು ಸೆನ್ಸರ್ ಎನ್ನಿ. ಅರವತ್ತೂ ಸೇರಿ ಸೆಕೆಂಡಿನಲ್ಲಿ 270 ಮಿಲಿಸೆಕೆಂಡು ಮಾತಾಡುತ್ತವೆ. ಮುಕ್ಕಾಲು ಪಾಲು ಹೊತ್ತು ಗಾಳಿ ಖಾಲಿ. ಜಾಗ ಬೇಕಾದಷ್ಟಿದೆ ಎನಿಸುತ್ತದೆ ಅಲ್ಲವೇ? ಆದರೆ ಅವೆಲ್ಲ ಒಂದೇ ಚಾನೆಲ್ಲಿನಲ್ಲಿ, ಯಾರನ್ನೂ ಕೇಳದೆ, ತೋಚಿದ ಕ್ಷಣದಲ್ಲಿ ಮಾತಾಡಿದರೆ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಸಂದೇಶಗಳು ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತವೆ.

ಈ ಲೆಕ್ಕದ ಸೂತ್ರ ಬಂದದ್ದು ಹವಾಯಿ ದ್ವೀಪಗಳಿಂದ. ದ್ವೀಪ ದ್ವೀಪಗಳಲ್ಲಿ ಚದುರಿದ್ದ ಟರ್ಮಿನಲ್‌ಗಳನ್ನು ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ರೇಡಿಯೊ ಮೂಲಕ ಜೋಡಿಸಿದ ನಾರ್ಮನ್ ಅಬ್ರಾಂಸನ್ ಅವರ ಅಲೋಹಾ ಜಾಲ 1971ರಲ್ಲಿ ಕೆಲಸ ಶುರುಮಾಡಿತು. ಎಲ್ಲರೂ ಇಷ್ಟಬಂದಾಗ ಮಾತಾಡುವ ಪದ್ಧತಿಯಲ್ಲಿ ಒಂದು ಚಾನೆಲ್ ಎಷ್ಟೇ ತಿಣುಕಿದರೂ ನೂರರಲ್ಲಿ 18 ಪಾಲಿಗಿಂತ ಹೆಚ್ಚು ಕೆಲಸಕ್ಕೆ ಬಾರದು. ಹೊತ್ತನ್ನು ಸಮನಾಗಿ ಕತ್ತರಿಸಿ, ತುಂಡಿನ ಶುರುವಿನಲ್ಲಿ ಮಾತ್ರ ಮಾತಾಡಬೇಕೆಂಬ ಒಂದೇ ನಿಯಮ ಸೇರಿಸಿದರೆ ಅದು 36 ದಾಟುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಪಾಠ ಮಾಡಿ, 2014ರಿಂದ 2020ರವರೆಗೆ ಅದರ ನಿರ್ದೇಶಕರೂ ಆಗಿದ್ದ ಅನುರಾಗ್ ಕುಮಾರ್ ಮತ್ತು ಅವರ ಜೊತೆಗಾರರು, ಒಂದೇ ಚಾನೆಲ್ಲಿಗಾಗಿ ಹಲವು ಉಪಕರಣಗಳು ಸೆಣಸಿದಾಗ ಯಾರಿಗೆ ಎಷ್ಟು ಸಿಗುತ್ತದೆ ಎಂಬ ಗಣಿತವನ್ನು ಇನ್ನೂ ಮುಂದಕ್ಕೆ ಒಯ್ದರು. ವೈ-ಫೈ ಓದುವವರು ಅವರ ಲೆಕ್ಕವನ್ನೂ ಓದುತ್ತಾರೆ.

ಇಷ್ಟರಿಂದ ನನಗೆ ಹೊಳೆಯುವುದು ಇದು: ಮಲೆನಾಡಿನ ಹಳ್ಳಿಯಲ್ಲಿ ಗಾಳಿಗೆ ಬರವಿಲ್ಲ, ಬರವಿರುವುದು ಹೊಂದಾಣಿಕೆಗೆ. ಉಪಕರಣ ಮಾಡುವವರು ತಮ್ಮ ಸೆನ್ಸರನ್ನು ಒಬ್ಬರ ಮೇಲೆ ಇಟ್ಟು ಪರೀಕ್ಷಿಸುತ್ತಾರೆ; ನಾವು ಅದನ್ನು ಹತ್ತು ಜನರ ನಡುವೆ ಬಳಸುತ್ತೇವೆ. ಆ ಎರಡರ ನಡುವಿನ ಕಂದಕದಲ್ಲಿ ತೊಂದರೆ ಹುಟ್ಟುತ್ತದೆ.

ತಾಲ್ಲೂಕಿನ ಒಂದು ಆರೋಗ್ಯ ಶಿಬಿರದಲ್ಲಿ ಕಂಡದ್ದನ್ನು ಹೇಳುತ್ತೇನೆ. ಬೆಂಚಿನ ಮೇಲೆ ಇಬ್ಬರು ಕೂತಿದ್ದರು, ಒಬ್ಬ ಅಜ್ಜಿ, ಒಬ್ಬ ಯಜಮಾನರು. ಇಬ್ಬರ ಎದೆಗೂ ಒಂದೇ ಮಾದರಿಯ ನಿಸ್ತಂತು ಪಟ್ಟಿ, ಒಂದೇ ಚಾನೆಲ್ಲಿಗೆ ಕಚ್ಚಿಕೊಂಡ ಸರಳ ಬಗೆಯದು. ಅಜ್ಜಿಯ ಗೆರೆ ಚೆನ್ನಾಗಿ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ತುಂಡಾಯಿತು. ಪಟ್ಟಿ ಹಚ್ಚಿದ್ದ ಹುಡುಗಿ, "ಅಮ್ಮಾ, ಅಲ್ಲಾಡಬೇಡಿ" ಎಂದಳು. "ನಾನೆಲ್ಲಿ ಅಲ್ಲಾಡಿದೆ ಮಾರಾಯ್ತಿ, ಕಲ್ಲಿನ ಹಾಗೆ ಕೂತಿದ್ದೇನೆ" ಎಂದರು ಅಜ್ಜಿ. ಹುಡುಗಿ ಪಟ್ಟಿ ಕಿತ್ತು, ಚರ್ಮ ಒರೆಸಿ, ಹೊಸ ಅಂಟು ಹಾಕಿ ಮತ್ತೆ ಕೂರಿಸಿದಳು. ಅಷ್ಟರಲ್ಲಿ ಒಂದೂವರೆ ನಿಮಿಷ ಕಳೆದಿರಬೇಕು, ಗೆರೆ ಬಂತು. ಅಂಟು ಸಡಿಲವಾಗಿತ್ತು ಎಂದು ತೀರ್ಮಾನವಾಯಿತು.

ಅಂಟಿನ ತಪ್ಪು ಇರಬಹುದು, ಇಲ್ಲದೆಯೂ ಇರಬಹುದು. ಇನ್ನೊಂದು ಕಾರಣ ಲೆಕ್ಕಕ್ಕೆ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಎರಡೂ ಪಟ್ಟಿಗಳು ಅರ್ಧ ಸೆಕೆಂಡಿಗೊಮ್ಮೆ ಎರಡು ಮಿಲಿಸೆಕೆಂಡಿನ ಸಂದೇಶ ಕಳಿಸುತ್ತವೆ ಎನ್ನಿ. ಎರಡರೊಳಗೂ ಸಣ್ಣ ಕ್ವಾರ್ಟ್ಸ್ ಹರಳಿನ ಗಡಿಯಾರ. ಜಗತ್ತಿನ ಯಾವ ಎರಡು ಹರಳೂ ಪೂರ್ತಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸ ಅಗ್ಗದ ಹರಳುಗಳಲ್ಲಿ ಮಾಮೂಲು. ಅಂದರೆ ಒಂದರ ಹೊತ್ತು ಇನ್ನೊಂದರ ಹೊತ್ತಿನ ಮೇಲೆ ಸೆಕೆಂಡಿಗೆ 50 ಮೈಕ್ರೋಸೆಕೆಂಡಿನಂತೆ ಜಾರುತ್ತಾ ಬರುತ್ತದೆ. ಎರಡು ಸಂದೇಶಗಳು ಒಂದನ್ನೊಂದು ಮುಟ್ಟಿದ ಕ್ಷಣದಿಂದ ಪೂರ್ತಿ ದಾಟಿಹೋಗುವವರೆಗೆ ನಾಲ್ಕು ಮಿಲಿಸೆಕೆಂಡು ಜಾರಬೇಕು. ಅದಕ್ಕೆ ಹಿಡಿಯುವುದು 80 ಸೆಕೆಂಡು. ಆ 80 ಸೆಕೆಂಡಿನಲ್ಲಿ ಹೊರಟ ಪ್ರತಿಯೊಂದು ಸಂದೇಶವೂ ಪಕ್ಕದವರ ಸಂದೇಶಕ್ಕೆ ಬಡಿಯುತ್ತದೆ. ದಾಟಿದ ಮೇಲೆ? ಮತ್ತೆ ಮುಖಾಮುಖಿಯಾಗಲು ಎರಡೂ ಮುಕ್ಕಾಲು ಗಂಟೆ ಬೇಕು. ಅಷ್ಟರಲ್ಲಿ ಶಿಬಿರ ಮುಗಿದು ಅಜ್ಜಿ ಬಸ್ಸು ಹತ್ತಿರುತ್ತಾರೆ. ರಿಪೇರಿಗೆ ಕಳಿಸಿದರೆ ಅಲ್ಲಿನ ಮೇಜಿನ ಮೇಲೆ ಒಂದೇ ಪಟ್ಟಿ ಇರುತ್ತದೆ, ಯಾವ ದೋಷವೂ ಕಾಣುವುದಿಲ್ಲ.

ಈ ಕಾಯಿಲೆಗೆ ಮದ್ದು ಬಹಳ ಸರಳ, ಅದರ ಜಾಣತನಕ್ಕೆ ನಾನು ಮನಸೋತಿದ್ದೇನೆ. ಸೆನ್ಸರ್ ಪ್ರತಿ ಸಲವೂ ಸ್ವಲ್ಪ ಹೆಚ್ಚುಕಡಿಮೆ ಹೊತ್ತಿಗೆ ಮಾತಾಡಲಿ, ಗಡಿಯಾರ ಹಿಡಿದಂತೆ ಮಾತಾಡದಿರಲಿ. ಬ್ಲೂಟೂತ್ ಲೋ ಎನರ್ಜಿಯಲ್ಲಿ ಉಪಕರಣ ತನ್ನ ಇರವನ್ನು ಸಾರುವಾಗ ಪ್ರತಿ ಸಾರಿಕೆಗೂ ಸೊನ್ನೆಯಿಂದ ಹತ್ತು ಮಿಲಿಸೆಕೆಂಡಿನವರೆಗೆ ಮನಸ್ಸಿಗೆ ಬಂದಷ್ಟು ತಡ ಸೇರಿಸಬೇಕೆಂದು ನಿಯಮವೇ ಇದೆ. ಒಮ್ಮೆ ಡಿಕ್ಕಿಯಾದ ಎರಡು ಉಪಕರಣಗಳು ಮುಂದಿನ ಸಲವೂ ಡಿಕ್ಕಿಯಾಗುವ ಸಂಭವವನ್ನು ಆ ಸಣ್ಣ ತಡ ತಗ್ಗಿಸುತ್ತದೆ.

ಇದಕ್ಕಿಂತ ದೊಡ್ಡ ಉಪಾಯ ಚಾನೆಲ್ ಬದಲಿಸುತ್ತಾ ಓಡುವುದು. 1942ರಲ್ಲಿ ಹಾಲಿವುಡ್ಡಿನ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೀಲ್ ಇಬ್ಬರೂ ಸೇರಿ ಇಂಥದೊಂದು ಯುಕ್ತಿಗೆ ಪೇಟೆಂಟ್ ಪಡೆದಿದ್ದರು. ಟಾರ್ಪಿಡೊವನ್ನು ನಡೆಸುವ ರೇಡಿಯೊ ಸಂಕೇತವನ್ನು ಶತ್ರು ಕೆಡಿಸದಂತೆ 88 ಆವರ್ತನಗಳ ನಡುವೆ ಹಾರಿಸುವುದು. ಪಿಯಾನೋದಲ್ಲಿ ಕೀಲಿಗಳು ಅಷ್ಟೇ. ಇವತ್ತಿನ ಬ್ಲೂಟೂತ್ ಲೋ ಎನರ್ಜಿಯಲ್ಲಿ ಚಾನೆಲ್ಲುಗಳು 40. ಮೂರು ಸಾರುವುದಕ್ಕೆ, 37 ಮಾತಿಗೆ. ಸೆನ್ಸರೂ ಹಬ್ಬೂ ಮೊದಲೇ ಒಪ್ಪಿಕೊಂಡ ಕ್ರಮದಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತವೆ. ನಮ್ಮ ಜಗಲಿಯ ಅರವತ್ತು ಸೆನ್ಸರ್‌ಗಳೂ ಹೀಗೆ ಜಿಗಿದರೆ ನೂರಕ್ಕೆ ನಲವತ್ತರಷ್ಟಿದ್ದ ಡಿಕ್ಕಿ ಒಂದೂವರೆಗೆ ಇಳಿಯುತ್ತದೆ. ವೈ-ಫೈ ಗದ್ದಲ ಹೆಚ್ಚಿರುವ ಚಾನೆಲ್ಲುಗಳನ್ನು ಗುರುತಿಟ್ಟು ಅತ್ತ ಹೋಗದಿರುವುದನ್ನೂ ಬ್ಲೂಟೂತ್ 2003ರ ಹೊತ್ತಿಗೆ ಕಲಿತುಕೊಂಡಿತು. ಮನೆಯ ವೈ-ಫೈ ಒಂದೊಂದು ಚಾನೆಲ್ಲಿಗೂ 20 ಮೆಗಾಹರ್ಟ್ಸ್ ಅಗಲದ ಜಾಗ ಆಕ್ರಮಿಸುತ್ತದೆಯಾದರೂ 1, 6, 11 ಎಂಬ ಚಾನೆಲ್ಲುಗಳ ನಡುವೆ ಸಂದಿಗಳು ಉಳಿಯುತ್ತವೆ. ಸಾರುವ ಮೂರು ಚಾನೆಲ್ಲುಗಳನ್ನು ಬೇಕೆಂದೇ ಆ ಸಂದಿಗಳಲ್ಲಿ, ಅಂಚುಗಳಲ್ಲಿ ಇಟ್ಟಿದ್ದಾರೆ.

ಹಾಗಾದರೆ ಇನ್ನಷ್ಟು ಜೋರಾಗಿ ಮಾತಾಡಿದರೆ ಆಗದೇ ಎಂದು ಕೇಳುವವರಿದ್ದಾರೆ. ಮದುವೆಮನೆಯ ಚಪ್ಪರದಲ್ಲಿ ಪಕ್ಕದವರ ಮಾತು ಕೇಳದೆಂದು ಒಬ್ಬರು ದನಿ ಏರಿಸುತ್ತಾರೆ, ಅದರಿಂದ ಕೇಳದಾಗಿ ಇನ್ನೊಬ್ಬರು ಏರಿಸುತ್ತಾರೆ; ಕೊನೆಗೆ ಎಲ್ಲರ ಗಂಟಲೂ ಕಟ್ಟುತ್ತದೆ, ಯಾರ ಮಾತೂ ಮೊದಲಿಗಿಂತ ಚೆನ್ನಾಗಿ ಕೇಳುವುದಿಲ್ಲ. ತರಂಗದ ಲೆಕ್ಕವೂ ಇದೇ. ಎಲ್ಲರೂ ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ನನ್ನ ಸಂಕೇತಕ್ಕೂ ಪಕ್ಕದವರ ಅಡ್ಡಿಗೂ ಇರುವ ಅನುಪಾತ ಇದ್ದಲ್ಲೇ ಇರುತ್ತದೆ, ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ. ಎಲ್ಲರೂ ಅರ್ಧಕ್ಕೆ ಇಳಿಸಿದರೂ ಅನುಪಾತ ಅಷ್ಟೇ, ಬ್ಯಾಟರಿ ಉಳಿಯುತ್ತದೆ. ಹಾಗಾಗಿ ಒಳ್ಳೆಯ ದೇಹಜಾಲ ತನ್ನ ಹಬ್ ಕೇಳಿಸಿಕೊಳ್ಳುವ ಮಟ್ಟಕ್ಕೆ ಮಾತ್ರ ದನಿ ಇಟ್ಟುಕೊಂಡು, ಹಬ್ ಹತ್ತಿರವಾದರೆ ಇನ್ನೂ ತಗ್ಗಿಸುತ್ತದೆ. ತಗ್ಗಿಸುವುದಕ್ಕೂ ಮಿತಿ ಇದೆ. ಯಂತ್ರದೊಳಗಿನ ಸಹಜ ಗದ್ದಲಕ್ಕಿಂತ ಕೆಳಗಿಳಿದರೆ ಏನೂ ಕೇಳದು.

ಮಾತಾಡುವ ಮುನ್ನ ಕಿವಿಗೊಟ್ಟು ಕೇಳಿ, ಯಾರೂ ಮಾತಾಡುತ್ತಿಲ್ಲವೆಂದರೆ ತಾನು ಮಾತಾಡುವ ಪದ್ಧತಿಯೂ ಇದೆ. ವೈ-ಫೈ ಮಾಡುವುದು ಅದನ್ನೇ. ಮೈಮೇಲಿನ ಸೆನ್ಸರಿಗೆ ಅದು ಎರಡು ಕಾರಣಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಇಂಥ ಸಣ್ಣ ರೇಡಿಯೊಗಳಲ್ಲಿ ಕೇಳುವುದಕ್ಕೂ ಹೆಚ್ಚುಕಡಿಮೆ ಮಾತಾಡುವಷ್ಟೇ ವಿದ್ಯುತ್ ಬೇಕು. ನಾಣ್ಯದಂಥ ಬ್ಯಾಟರಿಯ ಸಾಮರ್ಥ್ಯ ಸುಮಾರು 220 ಮಿಲಿಆಂಪ್ ಗಂಟೆ. ಐದು ಮಿಲಿಆಂಪ್ ಎಳೆಯುತ್ತಾ ಸದಾ ಕಿವಿ ತೆರೆದಿಟ್ಟರೆ ಎರಡು ದಿನ ಬಾರದು. ಎರಡನೆಯ ಕಾರಣ ಮೈಯದು. ನನಗೂ ನಿಮಗೂ ನಡುವೆ ನನ್ನದೇ ಬೆನ್ನು ಅಡ್ಡವಿದ್ದರೆ ನನ್ನ ಎದೆಯ ಪಟ್ಟಿಗೆ ನೀವು ಮಾತಾಡುತ್ತಿರುವುದು ಕೇಳಿಸುವುದೇ ಇಲ್ಲ. ಗಾಳಿ ಖಾಲಿ ಇದೆಯೆಂದು ಅದು ಬಾಯಿ ತೆರೆಯುತ್ತದೆ.

ಈ ಬೆನ್ನಿನ ಮಾತನ್ನು ತೇರಿನ ಹಗ್ಗದ ಹತ್ತಿರ ನಿಂತು ನೋಡಬೇಕು. ಹಗ್ಗ ಹಿಡಿದವರು ಒಬ್ಬರ ಹಿಂದೆ ಒಬ್ಬರು, ಮೊಳದಂತರದಲ್ಲಿ. ಒಬ್ಬರ ಎದೆಗೆ ಇಸಿಜಿ ಪಟ್ಟಿ ಇದೆ, ವರದಿ ತೆಗೆದುಕೊಳ್ಳಬೇಕಾದ ಫೋನ್ ಪ್ಯಾಂಟಿನ ಹಿಂದಿನ ಜೇಬಿನಲ್ಲಿದೆ. ಪಟ್ಟಿಗೂ ಫೋನಿಗೂ ನಡುವೆ ಅವರದೇ ಇಡೀ ಮೈ. ಅವರ ಹಿಂದೆ ನಿಂತವರ ಎದೆಯ ಪಟ್ಟಿಗೂ ಈ ಫೋನಿಗೂ ನಡುವೆ ಬರಿಯ ಗಾಳಿ. ಹೀಗಾಗಿ ಆ ಫೋನಿಗೆ ಸ್ವಂತ ಯಜಮಾನರ ಹೃದಯಕ್ಕಿಂತ ಹಿಂದಿನವರ ಹೃದಯ ಜೋರಾಗಿ ಕೇಳುತ್ತದೆ. ಹಿಂದಿನವರ ಗೆರೆ ಮುಂದಿನವರ ಪರದೆಗೆ ಬಂದುಬಿಡುತ್ತದೆಂಬ ಭಯ ಬೇಡ. ಜೋಡಿ ಮಾಡಿದ ಉಪಕರಣಗಳು ವಿಳಾಸ ನೋಡಿ ತಮ್ಮದಲ್ಲದ್ದನ್ನು ಬಿಡುತ್ತವೆ. ಆದರೆ ತನ್ನದು ಅದರಡಿಯಲ್ಲಿ ಮುಳುಗಿಹೋಗುತ್ತದೆ. ಜನ ಹೆಜ್ಜೆ ಹೆಜ್ಜೆಗೂ ಸರಿಯುತ್ತಾರೆ, ತಿರುಗುತ್ತಾರೆ, ಹಗ್ಗ ಬಿಟ್ಟು ಬದಿಗೆ ನಿಲ್ಲುತ್ತಾರೆ. ಯಾರು ಯಾರಿಗೆ ಅಡ್ಡಿ ಎಂಬ ಲೆಕ್ಕ ಕ್ಷಣಕ್ಷಣಕ್ಕೂ ಬೇರೆ.

ಮೈ ಹೀಗೆ ಲೆಕ್ಕ ತಪ್ಪಿಸುವುದನ್ನು ಕೊರೊನಾ ಕಾಲದಲ್ಲಿ ದೇಶವೇ ಕಂಡಿತು. 2020ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ತಮ್ಮ ಆವರಣಕ್ಕೆಂದು ಗೋಕೊರೊನಾಗೋ ಎಂಬ ಆ್ಯಪ್ ಮಾಡಿದರು. ಸರ್ಕಾರದ ಆರೋಗ್ಯ ಸೇತುವೂ ಅದೇ ವರ್ಷದ್ದು. ಫೋನುಗಳ ಬ್ಲೂಟೂತ್ ದನಿ ಎಷ್ಟು ಜೋರಿದೆ ಎಂಬುದರಿಂದ ಇಬ್ಬರು ಹತ್ತಿರವಿದ್ದರೇ ಎಂದು ಊಹಿಸುವುದು ಅವುಗಳ ಹೂರಣ. ಫೋನ್ ಕೈಯಲ್ಲಿದ್ದರೆ ಒಂದು ಅಂದಾಜು, ಜೇಬಿನಲ್ಲಿದ್ದರೆ ಇನ್ನೊಂದು, ನಡುವೆ ಮೈ ಬಂದರೆ ಮತ್ತೊಂದು. ದನಿಯಿಂದ ದೂರ ಅಳೆಯುವುದು ಎಷ್ಟು ನಾಜೂಕಿನ ಕೆಲಸವೆಂದು ಅಂಥ ಆ್ಯಪ್‌ಗಳ ಜೊತೆ ಕೆಲಸ ಮಾಡಿದವರಿಗೆಲ್ಲ ಗೊತ್ತಾಯಿತು. ಅದಕ್ಕೂ ಹಿಂದೆ, ಈ ಶತಮಾನದ ಮೊದಲ ದಶಕದಲ್ಲಿ, ಇದೇ ಸಂಸ್ಥೆ ಸ್ವಿಟ್ಜರ್ಲೆಂಡಿನವರ ಜೊತೆ ಸೇರಿ ಪಾವಗಡ ತಾಲ್ಲೂಕಿನ ಚನ್ನಕೇಶವಪುರದ ಹೊಲಗಳಲ್ಲಿ ಮಣ್ಣಿನ ತೇವ ಅಳೆಯುವ ನಿಸ್ತಂತು ಸೆನ್ಸರ್‌ಗಳನ್ನು ನೆಟ್ಟಿತ್ತು. ಹೊಲದ ಸೆನ್ಸರ್ ನೆಟ್ಟಲ್ಲೇ ಇರುತ್ತದೆ; ಒಮ್ಮೆ ಸರದಿ ಹಂಚಿದರೆ ಬಹುಕಾಲ ನಡೆಯುತ್ತದೆ. ಮನುಷ್ಯ ಹಾಗೆ ನಿಲ್ಲುವವನಲ್ಲ.

ಅದಕ್ಕೇ ದೇಹಜಾಲಗಳಿಗೆಂದು ಬೇರೆ ನಿಯಮಾವಳಿ ಬೇಕಾಯಿತು. ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ 2012ರಲ್ಲಿ 802.15.6 ಎಂಬ ಸಂಖ್ಯೆಯ ಮಾನಕ ಹೊರತಂದಿತು. ಒಂದು ಹಬ್ಬಿನ ಕೈಕೆಳಗೆ 64 ಸೆನ್ಸರ್‌ವರೆಗೆ ಇರಬಹುದು; ಆರು ಮೀಟರು ಉದ್ದ, ಅಗಲ, ಎತ್ತರದ ಜಾಗದಲ್ಲಿ ಇಂಥ ಹತ್ತು ಜಾಲಗಳು ಒಟ್ಟಿಗೆ ಬಾಳಬೇಕು ಎಂಬುದು ಗುರಿ. ಆಸ್ಪತ್ರೆಯ ಒಂದು ಸಣ್ಣ ವಾರ್ಡಿನ ಉದ್ದಗಲ ಹೆಚ್ಚುಕಡಿಮೆ ಅಷ್ಟಿರಬಹುದು. ಈ ಮಾನಕದಲ್ಲಿ ಎಲ್ಲ ಕಷ್ಟದ ಕೆಲಸವೂ ಹಬ್ಬಿನದು. ಸೆನ್ಸರ್ ಪಾಪ ನಿದ್ದೆ ಮಾಡಲಿ, ಕಿವಿಗೊಡುವುದನ್ನು ದೊಡ್ಡ ಬ್ಯಾಟರಿಯ ಹಬ್ ಮಾಡಲಿ. ಪಕ್ಕದ ಹಬ್ಬಿನ ಕೂಗು ಕೇಳಿದರೆ ತನ್ನ ಕೂಗಿನ ಹೊತ್ತನ್ನು ಹಿಂದುಮುಂದು ಮಾಡಿಕೊಳ್ಳಬಹುದು, ಚಾನೆಲ್ ಬದಲಿಸಬಹುದು, ಇಲ್ಲವೇ ಎರಡೂ ಹಬ್ಬುಗಳು ಮಾತಾಡಿಕೊಂಡು ನಿನ್ನದು ಮುಗಿದ ಮೇಲೆ ನನ್ನದು ಎಂದು ಹೊತ್ತನ್ನು ಹೆಣೆದುಕೊಳ್ಳಬಹುದು. ಸಂದೇಶಗಳಿಗೆ ಸೊನ್ನೆಯಿಂದ ಏಳರವರೆಗೆ ಎಂಟು ದರ್ಜೆ. ಎಲ್ಲಕ್ಕಿಂತ ಮೇಲಿನ ಏಳನೆಯದು ಪ್ರಾಣಾಪಾಯದ ಸುದ್ದಿಗೆ. ಹೆಜ್ಜೆ ಎಣಿಸುವ ಗಡಿಯಾರ ಹೃದಯ ತಪ್ಪಿದ ಸುದ್ದಿಗೆ ದಾರಿ ಬಿಡಲೇಬೇಕು. ಈ ದರ್ಜೆಯ ಏರ್ಪಾಡು ಇಡೀ ಮಾನಕದಲ್ಲಿ ನನಗೆ ಅತ್ಯಂತ ಮಾನವೀಯವಾಗಿ ಕಾಣುತ್ತದೆ.

ದುಃಖವೆಂದರೆ ಅಂಗಡಿಯಲ್ಲಿ ಸಿಗುವ ಉಪಕರಣಗಳಲ್ಲಿ ಈ ಮಾನಕ ಕಾಣುವುದು ಅಪರೂಪ. ಫೋನಿನಲ್ಲಿ ಬ್ಲೂಟೂತ್ ಇದೆ, ಹಾಗಾಗಿ ಮಾಡುವವರೂ ಬ್ಲೂಟೂತನ್ನೇ ಹಾಕುತ್ತಾರೆ. ಬ್ಲೂಟೂತ್ ಚೆನ್ನಾಗಿ ಜಿಗಿಯುತ್ತದೆ ನಿಜ, ಆದರೆ ನಿಮ್ಮ ಹಬ್ಬೂ ನನ್ನ ಹಬ್ಬೂ ಪರಸ್ಪರ ಮಾತಾಡಿ ಸರದಿ ಹಂಚಿಕೊಳ್ಳುವ ದಾರಿ ಅದರಲ್ಲಿಲ್ಲ. ಯಾರ ಸುದ್ದಿ ಹೆಚ್ಚು ತುರ್ತು ಎಂದು ಇಬ್ಬರ ನಡುವೆ ತೀರ್ಮಾನಿಸುವವರೂ ಇಲ್ಲ. ಮೈಯೊಳಗೆ ಕೂರಿಸುವ ಉಪಕರಣಗಳಿಗೆ 402ರಿಂದ 405 ಮೆಗಾಹರ್ಟ್ಸ್ ಎಂಬ ಸಣ್ಣ ಪಟ್ಟಿಯನ್ನು ನಮ್ಮ ದೇಶದಲ್ಲೂ ಬಿಟ್ಟುಕೊಟ್ಟಿದ್ದಾರೆ. ಮೈಮೇಲಿನ ಚಿಕಿತ್ಸೆಯ ಸೆನ್ಸರ್‌ಗಳಿಗೂ ಇಂಥ ಒಂದು ಮೀಸಲು ಪಟ್ಟಿ ಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಗಾಳಿಯ ಸಹವಾಸವೇ ಬೇಡ, ಮೈಯನ್ನೇ ತಂತಿ ಮಾಡೋಣ ಎಂದವರೂ ಇದ್ದಾರೆ. ಅಮೆರಿಕದ ಎಂಐಟಿಯಲ್ಲಿ ಥಾಮಸ್ ಜಿಮ್ಮರ್‌ಮನ್ 1990ರ ದಶಕದ ನಡುವಿನಲ್ಲಿ ಇದನ್ನು ಮಾಡಿ ತೋರಿಸಿದರು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಶ್ರೇಯಸ್ ಸೇನ್ ಅವರ ತಂಡ 2019ರಲ್ಲಿ ಬಹಳ ಮುಂದಕ್ಕೆ ಒಯ್ದಿತು. ಕಡಿಮೆ ಆವರ್ತನದ ಮೆಲ್ಲನೆಯ ವಿದ್ಯುತ್ ಸಂಕೇತವನ್ನು ಚರ್ಮಕ್ಕೆ ಕೊಟ್ಟರೆ ಅದು ಮೈಯಲ್ಲೇ ಹರಿದು ಹಬ್ ಸೇರುತ್ತದೆ, ಮೈಯಿಂದ ಗೇಣಿನಾಚೆಗೆ ಹಿಡಿಯಲು ಸಿಗುವುದಿಲ್ಲ. ಬ್ಲೂಟೂತಿನ ದನಿ ಕೋಣೆಯಿಡೀ ಹರಡುವುದಕ್ಕೆ ಹೋಲಿಸಿದರೆ ಇದು ದೊಡ್ಡ ಗೆಲುವು. ಪಕ್ಕದ ಬೆಂಚಿನವರಿಗೆ ಅಡ್ಡಿಯೇ ಇಲ್ಲ. ಇಬ್ಬರು ಕೈ ಹಿಡಿದುಕೊಂಡರೆ ಮಾತ್ರ ಎರಡು ಮೈಗಳೂ ಒಂದೇ ತಂತಿಯಾಗಿ ಮತ್ತೆ ಸರದಿಯ ಪ್ರಶ್ನೆ ಬರುತ್ತದೆ.

ಅದೆಲ್ಲ ಬರುವವರೆಗೆ ನಮ್ಮ ಕೈಯಲ್ಲಿರುವುದೂ ಕಡಿಮೆಯಲ್ಲ. ಹೃದ್ರೋಗದ ಹಿರಿಯರು ಮನೆಯಲ್ಲಿದ್ದು ಎದೆಗೆ ಪಟ್ಟಿ ಹಚ್ಚಿಕೊಂಡಿದ್ದರೆ ಫೋನನ್ನು ಅಂಗಿಯ ಮುಂದಿನ ಜೇಬಿನಲ್ಲಿ, ಪಟ್ಟಿ ಇರುವ ಬದಿಗೇ ಇಡಿ. ಮಲಗುವಾಗ ಹಾಸಿಗೆಯ ಅದೇ ಮಗ್ಗುಲಿಗೆ ಇಡಿ. ವೈ-ಫೈ ಪೆಟ್ಟಿಗೆಯನ್ನು ಅವರ ತಲೆದೆಸೆಯಿಂದ ಬೇರೆ ಕೋಣೆಗೆ ಸಾಗಿಸಿ. ಪೆಟ್ಟಿಗೆ 5 ಗಿಗಾಹರ್ಟ್ಸ್‌ನಲ್ಲೂ ನಡೆಯುವಂಥದಾದರೆ ಮನೆಯ ಹುಡುಗರ ಸಿನಿಮಾ ಕ್ರಿಕೆಟ್ಟುಗಳನ್ನು ಅಲ್ಲಿಗೆ ಕಳಿಸಿ; ಕೆಳಗಿನ 2.4 ಗಿಗಾಹರ್ಟ್ಸ್ ಪಟ್ಟಿ ಸೆನ್ಸರಿಗೆ ಉಳಿಯಲಿ. ತೋಟದಿಂದ ನೆನೆದು ಬಂದವರ ಅಂಗಿ ಮೈಗಂಟಿದ್ದರೆ ಪಟ್ಟಿಯ ಆಂಟೆನಾದ ಶ್ರುತಿ ತಪ್ಪಬಹುದು, ಮೈ ಒರೆಸಿ ಬಟ್ಟೆ ಬದಲಿಸಿದ ಮೇಲೆ ನೋಡಿ.

ಕೊಳ್ಳುವಾಗ ಕೇಳಬೇಕಾದ್ದು ಇನ್ನೂ ಮುಖ್ಯ. ತಪ್ಪಿಹೋದ ಸಂದೇಶವನ್ನು ಈ ಪಟ್ಟಿ ಮತ್ತೆ ಕಳಿಸುತ್ತದೆಯೇ? ಸಂಪರ್ಕ ಕಡಿದಾಗ ಅಳತೆಗಳನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆಯೇ? ಸೆಕೆಂಡಿಗೆ 500 ಬೈಟಿನಂತೆ ಒಂದು ಹಗಲು ಒಂದು ರಾತ್ರಿಗೆ ಬೇಕಾಗುವುದು 43 ಮೆಗಾಬೈಟ್ ಮಾತ್ರ. ಇವತ್ತಿನ ಮೆಮೊರಿಯ ಬೆಲೆಯಲ್ಲಿ ಅದು ಏನೇನೂ ಅಲ್ಲ. ಕಿಗ್ಗದಿಂದ ಮಣಿಪಾಲಕ್ಕೆ ರೋಗಿಯನ್ನು ಕರೆದೊಯ್ಯುವ ದಾರಿಯಲ್ಲಿ, ಆಗುಂಬೆ ಘಾಟಿಯ ತಿರುವುಗಳಲ್ಲಿ, ಫೋನಿನ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಅಲ್ಲಿಯ ಒಂದು ಗಂಟೆಯ ಹೃದಯದ ಗೆರೆ ವೈದ್ಯರ ಕೈಗೆ ಅಖಂಡವಾಗಿ ಸಿಗಬೇಕು. ಗೆರೆ ತುಂಡಾದಾಗ ಅದು ಹೃದಯದ್ದೋ ತರಂಗದ್ದೋ ಎಂದು ಪರದೆ ಬೇರೆ ಬೇರೆಯಾಗಿ ತೋರಿಸಬೇಕು. ಎರಡನ್ನೂ ಒಂದೇ ಚಪ್ಪಟೆ ಗೆರೆಯಾಗಿ ತೋರಿಸುವ ಉಪಕರಣವನ್ನು ದಯವಿಟ್ಟು ಕೊಳ್ಳಬೇಡಿ.

ಆಸ್ಪತ್ರೆಗಳಿಗೆ, ಶಿಬಿರ ನಡೆಸುವ ಸಂಘಗಳಿಗೆ, ಪಂಚಾಯಿತಿಯ ಹಣದಲ್ಲಿ ಸೆನ್ಸರ್ ತರಿಸುವವರಿಗೆ ನನ್ನದೊಂದು ಬೇಡಿಕೆ. ಮಾರಲು ಬಂದವರು ಒಂದು ಪಟ್ಟಿಯನ್ನು ತಮ್ಮ ಎದೆಗೆ ಅಂಟಿಸಿ ತೋರಿಸಿದರೆ ಒಪ್ಪಬೇಡಿ. ಹತ್ತು ಪಟ್ಟಿ ತರಲು ಹೇಳಿ. ಶಾಲೆಯ ಒಂದು ಕೋಣೆಯಲ್ಲಿ ಹತ್ತು ಜನರನ್ನು ಎರಡು ಬೆಂಚುಗಳ ಮೇಲೆ ಒತ್ತೊತ್ತಾಗಿ ಕೂರಿಸಿ, ಎಲ್ಲರಿಗೂ ಪಟ್ಟಿ ಹಚ್ಚಿ, ಅರ್ಧ ಜನ ಫೋನನ್ನು ಹಿಂದಿನ ಜೇಬಿನಲ್ಲಿಟ್ಟುಕೊಳ್ಳಲಿ. ಮೂರು ಗಂಟೆ ಹಾಗೇ ಬಿಡಿ. ಅದಕ್ಕಿಂತ ಕಡಿಮೆ ಸಾಲದು, ಏಕೆಂದರೆ ಗಡಿಯಾರಗಳು ಜಾರಿ ಮುಖಾಮುಖಿಯಾಗಲು ಅಷ್ಟು ಹೊತ್ತು ಬೇಕು. ನಡುವೆ ಎದ್ದು ಓಡಾಡಲಿ, ಜಾಗ ಬದಲಿಸಲಿ. ಆಮೇಲೆ ಹತ್ತೂ ದಾಖಲೆ ತೆರೆದು, ಎಷ್ಟು ಸೆಕೆಂಡು ಕಳೆದುಹೋಗಿದೆ, ಕಳೆದದ್ದು ಮತ್ತೆ ಬಂದು ಸೇರಿದೆಯೇ ಎಂದು ಒಂದೊಂದಾಗಿ ನೋಡಿ. ಬೆಲೆಯ ಮಾತು ಅದಾದ ಮೇಲೆ.